ಸ್ಪ್ರಿಂಗ್ ಬೂಟ್: ಡೌನ್‌ಲೋಡ್ ಆದ ಫೈಲ್‌ಗೆ ಕನ್ನಡ ಹೆಸರು ಬರುತ್ತಿಲ್ಲ

ಪ್ರಶ್ನೆ

ನಮ್ಮೂರ ಹಾಲಿನ ಸಂಘಕ್ಕೆ ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾ ಫ್ರೇಮ್‌ವರ್ಕ್) ಒಂದು ವೆಬ್ ಆ್ಯಪ್ ಮಾಡಿಕೊಡುತ್ತಿದ್ದೇನೆ. ಬಟನ್ ಒತ್ತಿದರೆ ‘ಸದಸ್ಯರ ಪಟ್ಟಿ’ ಪಿಡಿಎಫ್ ಡೌನ್‌ಲೋಡ್ ಆಗುತ್ತದೆ. ಒಳಗಿನ ಕನ್ನಡ ಸರಿಯಾಗೇ ಇದೆ. ಫೈಲ್ ಹೆಸರು ಮಾತ್ರ ಬರೀ ಅಂಡರ್‌ಸ್ಕೋರ್. ಫೈಲ್ ಹೆಸರನ್ನು ಬ್ರೌಸರ್‌ಗೆ ತಿಳಿಸುವ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ಗೆ ಹೆಸರನ್ನು ಹಾಗೇ ಸೇರಿಸಿದ್ದೇನೆ. ಇಂಗ್ಲಿಷ್ ಹೆಸರು ಕೊಟ್ಟುಬಿಡಿ ಅನ್ನುತ್ತಾರೆ ಗೆಳೆಯರು. ನನಗೆ ಅದು ಬೇಡ. ಕಾರ್ಯದರ್ಶಿಯವರು ಫೈಲ್ ಹುಡುಕುವುದೇ ಹೆಸರು ಓದಿ. ಅವರು ಓದುವ ಭಾಷೆಯಲ್ಲೇ ಅದು ಇರಬೇಕು ಅಲ್ವಾ?

ಇನ್ನೊಂದು: ವರ್ಷದ ಬಿಲ್‌ಗಳನ್ನೆಲ್ಲ ಜಿಪ್ ಮಾಡಿ, ಸಿದ್ಧವಾದಷ್ಟನ್ನು ಆಗಾಗಲೇ ಕಳಿಸುವ ಸ್ಪ್ರಿಂಗ್‌ನ ಸ್ಟ್ರೀಮಿಂಗ್‌ರೆಸ್ಪಾನ್ಸ್‌ಬಾಡಿ ಮೂಲಕ ಕಳಿಸುತ್ತೇನೆ. ಸಂಘದ ನಿಧಾನದ ನೆಟ್‌ನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ 1

ಕನ್ನಡ ಹೆಸರು ಬಿಡಬೇಡಿ ಸರ್. ಹೆಡರ್‌ನಲ್ಲಿ ಲ್ಯಾಟಿನ್-1 (ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳ ಪಟ್ಟಿ) ಆಚೆಯ ಅಕ್ಷರ ಹಾಗೇ ಹೋಗುವುದಿಲ್ಲ. ಅದಕ್ಕೇ 2011ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 6266ರಲ್ಲಿ ನಕ್ಷತ್ರ ಚಿಹ್ನೆ ಇರುವ ಇನ್ನೊಂದು ಫೈಲ್‌ನೇಮ್ ಇದೆ. ಅದರಲ್ಲಿ ಹೆಸರು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್ ಮಾಡುವ ಪದ್ಧತಿ) ಬೈಟ್‌ಗಳಾಗಿ, ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಹೊತ್ತು ಹೋಗುತ್ತದೆ. ‘ಸ’ ಒಂದಕ್ಕೇ ಮೂರು ಬೈಟ್, ಅಂದರೆ ಒಂಬತ್ತು ಕ್ಯಾರೆಕ್ಟರ್.

ಕೈಯಾರೆ ಮಾಡಬೇಡಿ. ಜಾವಾದ ಯುಆರ್‌ಎಲ್‌ಎನ್‌ಕೋಡರ್ ಬಳಸಿದರೆ ಖಾಲಿ ಜಾಗ ಪ್ಲಸ್ ಚಿಹ್ನೆ ಆಗುತ್ತದೆ, ‘ಸದಸ್ಯರ+ಪಟ್ಟಿ’ ಅಂತ ಸೇವ್ ಆಗುತ್ತದೆ. ಸ್ಪ್ರಿಂಗ್ 5ರಿಂದ ಕಂಟೆಂಟ್‌ಡಿಸ್ಪೊಸಿಷನ್ ಅನ್ನುವ ಕ್ಲಾಸೇ ಇದೆ. ಅದರ ಬಿಲ್ಡರ್‌ನ ಫೈಲ್‌ನೇಮ್ ಮೆಥಡ್‌ಗೆ ಹೆಸರಿನ ಜೊತೆ ಯುಟಿಎಫ್-8 ಚಾರ್‌ಸೆಟ್ ಕೊಡಿ. ಚಾರ್‌ಸೆಟ್ ಬಿಟ್ಟರೆ ಮತ್ತೆ ಅದೇ ಕಥೆ.

ಉತ್ತರ 2

ಜಿಪ್ ನಿಲ್ಲುವುದು ಸುಮಾರು 30 ಸೆಕೆಂಡಿಗಾ? ಸ್ಟ್ರೀಮಿಂಗ್‌ರೆಸ್ಪಾನ್ಸ್‌ಬಾಡಿ ಅಸಿಂಕ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಬೇರೆಯಾಗಿ, ಓಡುತ್ತದೆ. ಬೇರೆ ಏನೂ ಹೇಳದಿದ್ದರೆ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್ ಅದಕ್ಕೆ ಕೊಡುವ ಗಡುವು ಅಷ್ಟೇ. ಸ್ಪ್ರಿಂಗ್‌ನ ವೆಬ್ ಭಾಗ ಸ್ಪ್ರಿಂಗ್ ಎಂವಿಸಿಯ ಅಸಿಂಕ್ ರಿಕ್ವೆಸ್ಟ್ ಟೈಮೌಟ್ ಜಾಸ್ತಿ ಮಾಡಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಜಿಪ್ ಅನ್ನು ಮೊದಲೇ ಡಿಸ್ಕ್‌ನಲ್ಲಿ ಮಾಡಿಟ್ಟು, ಫೈಲ್‌ಸಿಸ್ಟಮ್‌ರಿಸೋರ್ಸ್ (ಡಿಸ್ಕ್‌ನ ಫೈಲ್ ಕೊಡುವ ಸ್ಪ್ರಿಂಗ್ ಕ್ಲಾಸ್) ಆಗಿ ಕೊಡುತ್ತಿದ್ದೆ. ಹಳೇ ವರ್ಷದ ಬಿಲ್ ಬದಲಾಗುವುದಿಲ್ಲವಲ್ಲ. ಆಗ ಒಟ್ಟು ಗಾತ್ರ ಬ್ರೌಸರ್‌ಗೆ ಗೊತ್ತಿರುತ್ತದೆ, ಎಷ್ಟಾಯಿತು ಅಂತ ಕಾರ್ಯದರ್ಶಿಯವರಿಗೆ ಕಾಣುತ್ತದೆ. ಫೈಲ್‌ನ ಒಂದು ಭಾಗ ಮಾತ್ರ ಕೇಳುವ ರೇಂಜ್ ರಿಕ್ವೆಸ್ಟನ್ನೂ ಸ್ಪ್ರಿಂಗ್ ತಾನೇ ನೋಡಿಕೊಳ್ಳುತ್ತದೆ. ನೆಟ್ ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಸಬಹುದು. ಅದರ ಬದಲು, ಒಮ್ಮೆ ಮಾತ್ರ ಓದಬಹುದಾದ ಸ್ಟ್ರೀಮ್‌ಗಾಗಿ ಇರುವ ಇನ್‌ಪುಟ್‌ಸ್ಟ್ರೀಮ್‌ರಿಸೋರ್ಸ್ ಕೊಟ್ಟರೆ ಈ ಸೌಲಭ್ಯ ಸಿಗುವುದಿಲ್ಲ, ನೆನಪಿರಲಿ.

ಕೇಳಿದವರು

ಹೆಸರು ಬಂತು! ‘ಸದಸ್ಯರ ಪಟ್ಟಿ’, ಖಾಲಿ ಜಾಗದ ಸಮೇತ. ತುಂಬಾ ಥ್ಯಾಂಕ್ಸ್. ಜಿಪ್ ಡಿಸ್ಕ್‌ನಲ್ಲೇ ಇಡುತ್ತೇನೆ. ಯುಆರ್‌ಎಲ್‌ನಲ್ಲಿ ಫೈಲ್ ಹೆಸರನ್ನೇ ಕಳಿಸಿ, ಅದನ್ನು ಫೋಲ್ಡರ್‌ನಿಂದ ತೆಗೆದುಕೊಟ್ಟರೆ ಆಗುತ್ತದಾ?

ಉತ್ತರ 1

ಬೇಡ. ಎರಡು ಚುಕ್ಕೆ, ಒಂದು ಸ್ಲ್ಯಾಶ್ ಸೇರಿಸಿ ಯಾರಾದರೂ ಮೇಲಿನ ಫೋಲ್ಡರ್‌ನ ಫೈಲ್ ಕೇಳಬಹುದು. ವರ್ಷವನ್ನು ಮಾತ್ರ ನಂಬರ್ ಆಗಿ ತೆಗೆದುಕೊಳ್ಳಿ, ಫೈಲ್ ಯಾವುದು ಅಂತ ಸರ್ವರ್ ತೀರ್ಮಾನಿಸಲಿ. ಲಾಗಿನ್ ಆದವರು ಆ ಸಂಘದವರೇನಾ ಅನ್ನುವುದನ್ನೂ ಅಲ್ಲೇ ನೋಡಿ. ಜನರ ಹಣದ ಲೆಕ್ಕ ಅದು.