‘ಆಲ್ ವೀಲ್ ಡ್ರೈವ್’ಗೆ ಕನ್ನಡದಲ್ಲಿ ಏನನ್ನೋಣ? ನಾಲ್ಕು ಗಾಲಿ, ನಾಲ್ಕೂ ಗಾಲಿ

ಗೆಳೆಯರೇ,

ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಎರಡು ಚುರುಕು ಕಾರುಗಳನ್ನು ಹೋಲಿಸಿ ಒಂದು ಬರಹ ಬರೆಯುತ್ತಿದ್ದೇನೆ. 1976ರಲ್ಲಿ ಬಂದ ಜಿಟಿಐನಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಎರಡು ಗಾಲಿಗೆ ಮಾತ್ರ ಹೋಗುತ್ತಿತ್ತು. ಇಂದಿಗೂ ಹಾಗೇ. ಗಾಲ್ಫ್ ಆರ್‌ನಲ್ಲಿ ಹಿಂದಿನ ಗಾಲಿಗಳಿಗೂ ಶಕ್ತಿ ಹೋಗುತ್ತದೆ, ಇದೇ ‘ಆಲ್ ವೀಲ್ ಡ್ರೈವ್’. ಬರಹದ ಜೀವ ಇರುವುದೇ ಈ ವ್ಯತ್ಯಾಸದಲ್ಲಿ. ಅದನ್ನು ಹೇಳುವ ಪದಗಳೇ ಸಿಗುತ್ತಿಲ್ಲ.

ಮೊದಲು ಹೊಳೆದದ್ದು ‘ನಾಲ್ಕು ಚಕ್ರ ಚಾಲನೆ’. ಓದಿ ನೋಡಿದರೆ ನಾಲ್ಕು ಚಕ್ರದ ಗಾಡಿ ಓಡಿಸುವುದು ಅನ್ನಿಸುತ್ತದೆ. ಎಲ್ಲ ಕಾರಿಗೂ ನಾಲ್ಕು ಚಕ್ರ ಇದ್ದೇ ಇದೆ, ಅಲ್ವಾ? ‘ಚಾಲನೆ’ಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಓಡಿಸುವವರ ಕೆಲಸ, ಗಾಲಿಯದ್ದಲ್ಲ.

‘ನಾಲ್ಕೂ ಗಾಲಿ’ ಅಂದರೆ ಹೇಗೆ? ಆ ಒಂದು ‘ಊ’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಒಂದನ್ನೂ ಬಿಡದೆ ಎಲ್ಲ ಗಾಲಿಗಳೂ ದುಡಿಯುತ್ತವೆ ಅನ್ನುವುದು ಅದರಲ್ಲೇ ಬಂದುಬಿಡುತ್ತದೆ. ಇದು ನನಗೆ ತುಂಬಾ ಹಿಡಿಸಿದೆ.

‘ಫ್ರಂಟ್ ವೀಲ್’ಗೆ ‘ಮುಂಗಾಲಿ’ ಅಂತ ಬರೆದೆ. ಆದರೆ ‘ಮುಂಗಾಲಿಗೆ’ ಅಂದಾಗ ಕಾರಿನ ಗಾಲಿಯೋ ಹಸುವಿನ ಮುಂಗಾಲೋ ತಿಳಿಯುವುದಿಲ್ಲ, ಎರಡಕ್ಕೂ ಅದೇ ರೂಪ. ‘ಮುಂದಿನ ಗಾಲಿ’ ಅಂತ ಬಿಡಿಸಿ ಬರೆಯುವುದೇ ಮೇಲು.

ಇನ್ನು ‘ಡ್ರೈವ್’. ಫ್ರೆಂಚರು ಮುಂದಿನ ಗಾಲಿಗೆ ಶಕ್ತಿ ಹೋಗುವ ಕಾರನ್ನು ‘ಟ್ರಾಕ್ಸಿಯೋಂ’ ಅನ್ನುತ್ತಾರೆ, ಅಂದರೆ ಎಳೆತ. ಹಿಂದಿನ ಗಾಲಿಯದ್ದು ‘ಪ್ರೊಪುಲ್ಸಿಯೋಂ’, ಅಂದರೆ ನೂಕು. 1934ರಲ್ಲಿ ಬಂದ ಸಿಟ್ರೊಯೆನ್ ಕಾರೊಂದು ‘ಟ್ರಾಕ್ಸಿಯೋಂ ಅವಾಂ’ (ಮುಂದಿನ ಎಳೆತ) ಅಂತಲೇ ಹೆಸರಾಯಿತು. ಹಾಗೇ ನಾವೂ ‘ಮುಂದಿನ ಗಾಲಿ ಎಳೆತ’, ‘ಹಿಂದಿನ ಗಾಲಿ ನೂಕು’ ಅನ್ನಬಹುದು. ಕಾರಿನೊಳಗೆ ಏನು ನಡೆಯುತ್ತಿದೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಎಳೆಯುವುದೂ ನೂಕುವುದೂ ಸೇರಿದಾಗ ‘ನಾಲ್ಕೂ ಗಾಲಿ ದುಡಿತ’ ಅಂತ ಸದ್ಯಕ್ಕೆ ಬರೆದಿದ್ದೇನೆ.

ತೊಡಕು ಇರುವುದು ‘ಎಳೆತ’ದಲ್ಲಿ. ಗ್ಯಾರೇಜಿನಲ್ಲಿ ‘ಗಾಡಿ ಎಡಕ್ಕೆ ಎಳೀತಿದೆ’ ಅಂದರೆ ಸಾಮಾನ್ಯವಾಗಿ ಗಾಲಿಗಳ ಜೋಡಣೆ (ಅಲೈನ್‌ಮೆಂಟ್) ಸರಿಯಿಲ್ಲ ಅಂತ ಅರ್ಥ. ‘ಟಾರ್ಕ್ ಸ್ಟಿಯರ್’ ಅನ್ನುವುದು ಇನ್ನೊಂದಿದೆ. ಮುಂದಿನ ಗಾಲಿಗಳು ಕಾರನ್ನು ಎಳೆಯಲೂಬೇಕು, ತಿರುಗಿಸಲೂಬೇಕು. ಶಕ್ತಿ ಜಾಸ್ತಿ ಇರುವ ಕಾರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಸ್ಟೀರಿಂಗ್ ತಾನಾಗಿ ಒಂದು ಕಡೆಗೆ ಎಳೆಯಬಹುದು. ಗಾಲ್ಫ್ ಆರ್‌ನಂಥ ಕಾರಿನಲ್ಲಿ ಹಿಂದಿನ ಗಾಲಿಗಳೂ ಹೊರೆ ಹಂಚಿಕೊಳ್ಳುವುದರಿಂದ ಈ ಕಾಟ ಕಡಿಮೆ. ಎರಡು ಕಾರುಗಳ ಮುಖ್ಯ ವ್ಯತ್ಯಾಸ ಹೇಳುವ ಜಾಗದಲ್ಲೇ ಎರಡು ‘ಎಳೆತ’ ಬಂದರೆ ಓದುವವರಿಗೆ ಗೊಂದಲ.

ಅದಕ್ಕೇ ‘ಟಾರ್ಕ್ ಸ್ಟಿಯರ್’ಗೆ ‘ಸ್ಟೀರಿಂಗ್ ಜಗ್ಗು’ ಅನ್ನೋಣವೇ? ನನ್ನ ಕಿವಿಗೆ ಜಗ್ಗುವುದು ಅಂದರೆ ತಟ್ಟನೆ, ಜೋರಾಗಿ ಎಳೆಯುವುದು. ಆದರೆ ಉತ್ತರ ಕರ್ನಾಟಕದಲ್ಲಿ ಎಲ್ಲ ಎಳೆತಕ್ಕೂ ‘ಜಗ್ಗು’ ಅನ್ನುವುದನ್ನು ಕೇಳಿದ್ದೇನೆ. ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಎತ್ತು ಬಂಡಿಯನ್ನು ಎಳೆಯುತ್ತದೆಯೋ, ಜಗ್ಗುತ್ತದೆಯೋ?