ಕಾರಿನಲ್ಲಿ ಕೂತರೆ ಮಾತ್ರ ಮಾತಾಡುವ ಮಗ ಈಗ ಸ್ಟೇರಿಂಗ್ ಕೇಳುತ್ತಿದ್ದಾನೆ, ಏನು ಮಾಡಲಿ?

ಮೈಸೂರಿನ ಅಮ್ಮ:

ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನಗೆ 46. ಸಿದ್ಧಾರ್ಥನಗರದಲ್ಲಿ ಮನೆ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ನಮ್ಮೆಜಮಾನ್ರು ಬಳ್ಳಾರಿಯಲ್ಲಿದ್ದಾರೆ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಒಬ್ಬನೇ ಮಗ. ಮುಂದಿನ ತಿಂಗಳಿಗೆ 17 ತುಂಬುತ್ತೆ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ಬಂತು ಅಂತ 2024ರ ಜೂನ್‌ನಲ್ಲಿ ಕರಾವಳಿ ಕಡೆಯ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿಗೆ ಸೇರಿಸಿದೆವು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರ ತನಕ ಓದು. ಫೋನು ಭಾನುವಾರ ಹತ್ತು ನಿಮಿಷ. ಅಕ್ಟೋಬರ್ ಹೊತ್ತಿಗೆ ಆ ಹತ್ತು ನಿಮಿಷದಲ್ಲೂ "ಹ್ಞೂಂ, ಊಟ ಆಯ್ತು" ಬಿಟ್ಟರೆ ಬೇರೆ ಮಾತಿರಲಿಲ್ಲ. ನವೆಂಬರ್‌ನಲ್ಲಿ ವಾರ್ಡನ್ ಫೋನ್ ಮಾಡಿ, ಹುಡುಗ ಊಟ ಬಿಟ್ಟಿದ್ದಾನೆ, ಎದೆ ಹೊಡ್ಕೊಳ್ಳುತ್ತೆ ಅಂತಾನೆ, ಬಂದು ನೋಡಿ ಅಂದರು. ನಾನೊಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ಕರೆತಂದೆ.

ಸಂಪಾಜೆ ಘಾಟಿ ಹತ್ತುವಾಗ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಮಡಿಕೇರಿಯಲ್ಲಿ ಕಾಫಿ ಕುಡಿಯೋಣ ಅಂದರೆ ಇಳಿಯಲಿಲ್ಲ. ಕುಶಾಲನಗರ ದಾಟಿ ರಸ್ತೆ ನೇರವಾದ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡು "ಅಮ್ಮ, ಇನ್ನು ಅಲ್ಲಿಗೆ ಹೋಗೋದು ಬೇಡ ಅಲ್ವಾ?" ಅಂದ. ಬೇಡ ಕಂದ ಅಂದೆ. ಆಮೇಲೆ ಪಿರಿಯಾಪಟ್ಟಣದ ಹತ್ತಿರ ಹೊಲಗಳ ನಡುವೆ ಎತ್ತರಕ್ಕೆ ನಿಂತಿರುವ ಮನೆಗಳು ಏನು ಅಂತ ಕೇಳಿದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳು ಅಂತ ಡ್ರೈವರ್ ವಿವರಿಸಿದರು. ಒಳಗೆ ಬೆಂಕಿ ಹೇಗೆ ಹಾಕ್ತಾರೆ, ಎಷ್ಟು ದಿನ ಬೇಕು ಅಂತ ಹುಣಸೂರು ಬರುವವರೆಗೂ ಕೇಳುತ್ತಲೇ ಇದ್ದ. ತಿಂಗಳುಗಳಾದ ಮೇಲೆ ಅವನ ಗಂಟಲಿನ ಸರಿಯಾದ ದನಿ ಕೇಳಿದ್ದು ಅವತ್ತು.

ಮನೆಗೆ ಬಂದು ಬಾಗಿಲು ಹಾಕಿಕೊಂಡ. ಮತ್ತೆ ಮಾತಿಲ್ಲ. ಡಾಕ್ಟರಿಗೆ ತೋರಿಸಿದೆವು, ಕೌನ್ಸೆಲಿಂಗ್ ಈಗಲೂ ನಡೀತಿದೆ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಕುಶಾಲನಗರದ ರಸ್ತೆ. ಸಹೋದ್ಯೋಗಿಯೊಬ್ಬರು ಮಾರುತ್ತಿದ್ದ ಹಳೇ ವ್ಯಾಗನ್ ಆರ್ ತಗೊಂಡೆ, ಕಲಿತೆ, ಕಳೆದ ಏಪ್ರಿಲ್‌ನಲ್ಲಿ ಲೈಸೆನ್ಸ್ ಬಂತು. ಮೊದಲ ದಿನ ಹೆದರಿಕೆಯಾಗಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎಡಗಡೆ ಎಷ್ಟು ಜಾಗ ಇದೆ ಹೇಳ್ತಾ ಇರು ಅಂದೆ. "ಒಂದು ಅಡಿ ಇದೆ... ಆಟೋ ಬರ್ತಿದೆ... ಈಗ ಹೋಗು" ಅಂತ ಶುರುವಾಯಿತು.

ಈಗ ವಾರಕ್ಕೆ ಎರಡು ರಾತ್ರಿ ಊಟ ಮುಗಿಸಿ ತಿ. ನರಸೀಪುರ ರಸ್ತೆಯಲ್ಲಿ ವರುಣಾ ಕೆರೆ ತನಕ ಹೋಗಿ ಬರುತ್ತೇವೆ. ಭಾನುವಾರ ಒಂದೋ ಬನ್ನೂರಿನ ಮೇಲೆ ಸೋಮನಾಥಪುರ, ಇಲ್ಲದಿದ್ದರೆ ಸಂಜೆ ಚಾಮುಂಡಿ ಬೆಟ್ಟ. ಬೆಟ್ಟದ ವ್ಯೂ ಪಾಯಿಂಟಿನಲ್ಲಿ ಏಳು ಗಂಟೆಗೆ ನಿಂತರೆ ಕೆಳಗೆ ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಆ ಒಂದು ಕ್ಷಣಕ್ಕಾಗಿ ಅವನು ಅರ್ಧ ಗಂಟೆ ಕಾಯುತ್ತಾನೆ. ಈ ಕಾಲದಲ್ಲಿ ಬನ್ನೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಜಾಸ್ತಿ, ಹಿಂದೆ ದೀಪ ಇರಲ್ಲ. ಊರುಗಳ ಹತ್ತಿರ ಹುರುಳಿ ಒಕ್ಕಣೆಗೆ ರಸ್ತೆ ಮೇಲೇ ಹಾಸಿರುತ್ತಾರೆ. ಇದನ್ನೆಲ್ಲ ನನಗಿಂತ ಮೊದಲು ನೋಡಿ ಹೇಳುವವನು ಅವನೇ.

ಹಾಸ್ಟೆಲ್‌ನಲ್ಲಿ ಏನಾಯಿತು ಅಂತ ಇವತ್ತಿನವರೆಗೂ ಹೇಳಿಲ್ಲ. ಉಳಿದದ್ದೆಲ್ಲ ಹೇಳುತ್ತಾನೆ. ಈ ವರ್ಷ ಮನೆ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಸೇರಿದ್ದಾನೆ, ಇಬ್ಬರು ಸ್ನೇಹಿತರಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ವರುಣಾ ದಾಟಿದ ಮೇಲೆ ಒಂದು ಹೊಸ ಬಡಾವಣೆ ಇದೆ. ಸೈಟ್ ಕಲ್ಲು ನೆಟ್ಟಿದ್ದಾರೆ, ಟಾರ್ ಹಾಕಿದ್ದಾರೆ, ಒಂದು ಮನೆಯೂ ಎದ್ದಿಲ್ಲ. ಹೋದ ವಾರ ಅಲ್ಲಿ ನಿಲ್ಲಿಸಿದಾಗ "ಅಮ್ಮ, ಇಲ್ಲಿ ಒಂದು ರೌಂಡ್ ನಾನು ಓಡಿಸ್ಲಾ?" ಅಂದ. ನೋಡೋಣ ಅಂದುಬಿಟ್ಟೆ. ಅವನಾಗಿ ಏನನ್ನಾದರೂ ಕೇಳಿದ್ದು ಈ ಒಂದೂವರೆ ವರ್ಷದಲ್ಲಿ ಇದೇ ಮೊದಲು. ಬೇಡ ಅಂದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೇನೋ ಅನ್ನೋ ಭಯ. ಯಜಮಾನ್ರು ಬೇರೆ, ವಾರಕ್ಕೆ ಐನೂರು ಆರುನೂರು ರೂಪಾಯಿ ಪೆಟ್ರೋಲ್ ಸುಟ್ಟು ಹುಡುಗನ್ನ ಮೆತ್ತಗೆ ಮಾಡ್ತಿದ್ದೀಯ ಅಂತಾರೆ. ಇದೇ ದಾರಿಯಲ್ಲಿ ಇದ್ದವರು ಯಾರಾದರೂ ಹೇಳಿ. ಹಾಸ್ಟೆಲ್ ವಿಷಯವನ್ನು ನಾನಾಗೇ ಕೇಳಬೇಕಾ?

ಗಾಡಿ ಮಾಸ್ತರ, ಧಾರವಾಡ:

ನಮಸ್ಕಾರ್ರೀ ಅಕ್ಕಾರ. ಇಪ್ಪತ್ತೆರಡು ವರ್ಷ ಆತ್ರಿ ಮಂದಿಗೆ ಗಾಡಿ ಕಲಸಾಕ ಹತ್ತಿ. ನೇರ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಕೊಡಬ್ಯಾಡ್ರಿ.

ಖಾಲಿ ಬಡಾವಣಿ ಅಂದ್ರೂ ಅದು ರಸ್ತೇನರಿ. ಕಾರಿಗೆ ಕಲಿಕಾ ಲೈಸೆನ್ಸ್ ಸಿಗಬೇಕಂದ್ರ 18 ತುಂಬಿರಬೇಕು. 16ಕ್ಕ ಕೊಡೂದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ, ಅದಕ್ಕೂ ತಂದಿ ತಾಯಿ ಸಹಿ ಬೇಕು. ಮೋಟಾರು ವಾಹನ ಕಾಯ್ದೆಗೆ ಮಾಡಿದ 2019ರ ತಿದ್ದುಪಡಿಯೊಳಗ 199ಎ ಅಂತ ಒಂದು ಕಲಂ ಸೇರಿಸ್ಯಾರ. ಸಣ್ಣ ಹುಡುಗ್ರು ಗಾಡಿ ಹೊಡದು ಸಿಕ್ಕರ ಪಾಲಕರಿಗೆ, ಗಾಡಿ ಮಾಲಕರಿಗೆ 25,000 ದಂಡ, ಮೂರು ವರ್ಷದ ತನಕ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು. ನಿಮ್ಮ ಮಗನಿಗೆ ದೊಡ್ಡ ಪೆಟ್ಟಂದ್ರ 25 ವರ್ಷ ಆಗೂ ತನಕ ಲೈಸೆನ್ಸ್ ಇಲ್ಲ. ಒಂದು ರೌಂಡ್ ಸಲುವಾಗಿ ಏಳು ವರ್ಷ ಕಳಕೋತಾನ್ರಿ. ಅಪಘಾತ ಆದ್ರ ವಿಮಾ ಕಂಪನಿ ಕೊಟ್ಟ ರೊಕ್ಕ ನಿಮ್ಮ ಕಡೆಯಿಂದನ ವಸೂಲಿ ಮಾಡಬಹುದು.

ಬರೇ ಬ್ಯಾಡ ಅಂದ್ರ ಹುಡುಗನ ಮನಸು ಮುರೀತದ, ಅದೂ ಖರೆ. ಇಂಜಿನ್ ಬಂದ್ ಇಟ್ಟು ಕಲಸೂದು ಭಾಳ ಐತ್ರಿ. ಟೈರ್ ಗಾಳಿ ನೋಡೂದು, ಡಿಪ್‌ಸ್ಟಿಕ್ ತಗದು ಆಯಿಲ್ ನೋಡೂದು, ಕೂಲಂಟ್, ಫ್ಯೂಸ್, ಜಾಕ್ ಎಲ್ಲಿ ಕೂಡಸಬೇಕು, ಸ್ಟೆಪ್ನಿ ಹೆಂಗ ಹಾಕಬೇಕು. ನಟ್ಟು ಸಡ್ಲ ಮಾಡೂದು ಗಾಲಿ ನೆಲದ ಮ್ಯಾಲ ಇರೂವಾಗ, ಎತ್ತಿದ ಮ್ಯಾಲ ಅಲ್ಲ. ನನ್ನ ಹತ್ರ ಬರೂ ದೊಡ್ಡವ್ರಿಗೂ ಇದು ಗೊತ್ತಿರಂಗಿಲ್ಲ.

ಇನ್ನೊಂದು, ನೀವು ಗೊತ್ತಿಲ್ದನ ಚಲೋ ಪದ್ಧತಿ ಹಿಡದೀರಿ. ಕಣ್ಣಿಗೆ ಕಂಡದ್ದನ್ನ ಬಾಯಿಲೆ ಹೇಳಿಕೋತ ಹೋಗೂದು ಪೊಲೀಸ್ ಡ್ರೈವರಗೋಳ ತರಬೇತಿಯೊಳಗೂ ಐತಿ. ಅದಕ್ಕ ಒಂದು ಸೇರಸ್ರಿ: ಕಂಡದ್ದಷ್ಟ ಅಲ್ಲ, ಮುಂದ ಏನ್ ಆಗಬಹುದು ಅದನ್ನೂ ಹೇಳಲಿ. "ಬಸ್ ನಿಂತೈತಿ" ಅಲ್ರಿ, "ಬಸ್ ಮುಂದಿಂದ ಯಾರರ ದಾಟಬಹುದು". 18 ತುಂಬಿದ ದಿನ ಕಲಿಕಾ ಲೈಸೆನ್ಸ್‌ಗೆ ಹಾಕಸ್ರಿ, ಮೂವತ್ತು ದಿನ ಬಿಟ್ಟು ಪರೀಕ್ಷೆ. ಕಣ್ಣು ತಯಾರಿದ್ದ ಹುಡುಗನಿಗೆ ಕೈ ಕಾಲು ಕಲಸಾಕ ನನಗ ಹತ್ತು ದಿನ ಸಾಕ್ರಿ.

ಮರವಂತೆ ಕಡೆಯವ:

ನನ್ನ ಮಗಳಿಗೂ ಹದಿನಾರು. ನನ್ನದೊಂದು ತಪ್ಪು ಹೇಳ್ತೇನೆ, ನೀವು ಮಾಡಬೇಡಿ.

ಸಂಜೆ ಕುಂದಾಪುರದಿಂದ ಮರವಂತೆ ತನಕ ನಾವಿಬ್ಬರೂ ಒಂದು ಸುತ್ತು ಹೋಗುವ ಅಭ್ಯಾಸ ಇತ್ತು. ನೋಡಿದವರಿಗೆ ಗೊತ್ತು, ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಸಮುದ್ರದ ಸದ್ದಿಗೆ ಮಾತೇ ಕೇಳದು, ಆದರೂ ಅವಳಿಗೆ ಅದೇ ಬೇಕು. ಒಂದು ದಿನ ಚೆನ್ನಾಗಿ ಮಾತಾಡ್ತಿದ್ದಾಳಲ್ಲ ಅಂತ ಖುಷಿಯಲ್ಲಿ ಗಣಿತದ ಟೆಸ್ಟ್ ಎಷ್ಟು ಬಂತು ಅಂತ ಕೇಳಿಬಿಟ್ಟೆ. ಮುಖ ತಿರುಗಿಸಿದವಳು ಒಂದು ತಿಂಗಳು ಕಾರು ಹತ್ತಲಿಲ್ಲ ಮಾರಾಯ್ರೆ. ಹೆಂಡತಿ ಹೇಳಿದಳು, ಮನೆಯಲ್ಲಿ ಅಂಕ, ಶಾಲೆಯಲ್ಲಿ ಅಂಕ, ಅವಳಿಗೆ ಉಳಿದಿದ್ದ ಒಂದು ಜಾಗಕ್ಕೂ ಅದನ್ನೇ ತಂದ್ರಲ್ಲ ಅಂತ. ನಾನು ಅವಳ ಹತ್ತಿರ ಕ್ಷಮೆ ಕೇಳಿದೆ. ಅಪ್ಪ ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ಹೊಸದು.

ಈಗ ನಾನು ಪ್ರಶ್ನೆ ಕೇಳುವುದಿಲ್ಲ, ನನ್ನದು ಹೇಳುತ್ತೇನೆ. ಅಂಗಡಿಯಲ್ಲಿ ಸಾಲ ಹೇಳಿ ಹೋದವರು, ನನ್ನ ಬಿಪಿ, ಪಿಯುಸಿಯಲ್ಲಿ ನಾನು ಫೇಲಾದದ್ದು. ನನ್ನದು ಮುಗಿದ ಮೇಲೆ ಅವಳದು ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಹಾಸ್ಟೆಲ್ ಸುದ್ದಿ ಕೇಳಬೇಡಿ ಅಂತಲೇ ನನ್ನ ಅಭಿಪ್ರಾಯ. ಆದರೆ ಊಟ ನಿದ್ರೆ ಮತ್ತೆ ಕೆಟ್ಟರೆ ಕಾಯಬೇಡಿ, ಡಾಕ್ಟರಿಗೆ ತಿಳಿಸಿ. ರಾತ್ರಿ ಹೊತ್ತಿನಲ್ಲಿ ಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ತಿಪಟೂರು ಹುಡುಗಿ:

ಆಂಟಿ, ನನಗೆ 20. ನಿಮ್ಮ ಮಗನ ಸೀಟಿನಲ್ಲಿ ಕೂತಿದ್ದವಳು ಅಂತ ಬರೀತಿದ್ದೀನಿ.

ನಮ್ಮಪ್ಪಂದು ಪಿಕಪ್ ಗಾಡಿ, ಸುತ್ತಮುತ್ತಲ ಊರಿಂದ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಚೀಲ ಹೊಡೀತಾರೆ. ಸೆಕೆಂಡ್ ಪಿಯುಸಿಯಲ್ಲಿ ನಾನು ಕಾಲೇಜಿಗೆ ಹೋಗೋದೇ ಬಿಟ್ಟಿದ್ದೆ. ಅಪ್ಪ ಬೈಯಲಿಲ್ಲ, ಸುಮ್ಮನೆ ಗಾಡಿ ಹತ್ತು ಅಂದರು. ಅರಸೀಕೆರೆ ಕಡೆ ಹೋಗಿ ಲೋಡ್ ಮಾಡ್ಕೊಂಡು ಬರೋದು, ಚೀಲ ಎಣಿಸಿ ಬರ್ಕೊಳ್ಳೋದು ನನ್ನ ಕೆಲಸ. ಇಡೀ ದಿನ ಕೊಬ್ಬರಿ ವಾಸನೆ. ಈಗಲೂ ಆ ವಾಸನೆ ಬಂದರೆ ನನಗೆ ಸಮಾಧಾನ ಆಗುತ್ತೆ.

ಮೂರು ತಿಂಗಳಾದ ಮೇಲೆ ಒಂದು ದಿನ ರೈಲ್ವೆ ಗೇಟ್ ಹಾಕಿತ್ತು. ಅಪ್ಪ ಇಂಜಿನ್ ಆಫ್ ಮಾಡಿದರು. ಆಗ ಹೇಳಿದೆ, ಎಲ್ಲಾನೂ. ಗೂಡ್ಸ್ ಗಾಡಿ ಉದ್ದ ಇತ್ತು. ಅದು ಹೋಗೋ ತನಕ ಅಪ್ಪ ಆ ಗಾಡೀನೇ ನೋಡ್ತಾ ಕೇಳಿಸ್ಕೊಂಡ್ರು. ಯಾಕೆ ಅವತ್ತೇ ಹೇಳಿದೆ ಅಂದರೆ ನನಗೂ ಗೊತ್ತಿಲ್ಲ. ಅಪ್ಪ ಮೊದಲೇ ಕೇಳಿದ್ದರೆ ಏನೋ ಒಂದು ಸುಳ್ಳು ಹೇಳಿರ್ತಿದ್ದೆ, ಆಮೇಲೆ ಆ ಸುಳ್ಳನ್ನೇ ಕಾಪಾಡ್ಕೋಬೇಕಾಗಿತ್ತು.

ನಿಮ್ಮ ಮಗ ಗಾಡಿ ಕೇಳಿದ್ದು ನನಗೆ ಅರ್ಥ ಆಗುತ್ತೆ. ಅರ್ಧಕ್ಕೆ ಬಿಟ್ಟು ಬಂದವನು ಅಂತ ನೆಂಟರೆಲ್ಲ ಅಂದಿರ್ತಾರೆ. ಒಂದು ಕೆಲಸ ನನ್ನ ಕೈಲಿ ಆಗುತ್ತೆ ಅಂತ ನಿಮ್ಮೆದುರೇ ತೋರಿಸ್ಬೇಕು ಅವನಿಗೆ. ಮಾಸ್ತರರು ಹೇಳಿದ ಸ್ಟೆಪ್ನಿ ಕೆಲಸ ಕೊಡಿ. ಆಟಕ್ಕೆ ಕೊಟ್ಟ ಹಾಗೆ ಬೇಡ. ಗಾಡಿ ಜವಾಬ್ದಾರಿ ನಿಂದು ಅಂತ ಹೇಳಿ ಕೊಡಿ.

ಫ್ರೀಮಾಂಟ್ ಕನ್ನಡತಿ:

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ, ತವರು ಮೈಸೂರೇ. ಇಲ್ಲಿ ಕಾನೂನು ಬೇರೆ. ಹದಿನೈದೂವರೆಗೇ ಕಲಿಕೆಯ ಪರ್ಮಿಟ್ ಸಿಗುತ್ತದೆ. ಲೈಸೆನ್ಸ್‌ಗೆ ಮೊದಲು 25 ದಾಟಿದ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ. ಮನೆಯಲ್ಲಿ ಇಂಗ್ಲಿಷೇ ಆಡುವ ನನ್ನ ಮಗನಿಗೆ ಆ ಐವತ್ತು ಗಂಟೆ ನಾನು ಗಾಬರಿಯಲ್ಲಿ ಹೇಳಿದ್ದೆಲ್ಲ ಕನ್ನಡ. ಎಡಕ್ಕೆ, ನಿಧಾನ, ಹಿಂದೆ ನೋಡು ಮರಿ. ಅವನೂ "ನೋಡ್ದೆ ಅಮ್ಮ" ಅನ್ನತೊಡಗಿದ. ನನ್ನ ಬದುಕಿನ ಒಳ್ಳೆಯ ಆರು ತಿಂಗಳು ಅವು.

16 ತುಂಬಿತು, ಲೈಸೆನ್ಸ್ ಬಂತು, ಮರುದಿನದಿಂದ ಒಬ್ಬನೇ ಹೋದ. ಹೋಗಬೇಕಾದದ್ದೇ. ಗ್ಯಾರೇಜ್ ಬಾಗಿಲಲ್ಲಿ ನಿಂತು ಅತ್ತೆ. ನಿಮಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯ ಇದೆ, ಅವನು ನಿಮ್ಮ ಪಕ್ಕದಲ್ಲೇ ಕೂರಬೇಕು. ಪೆಟ್ರೋಲ್ ಲೆಕ್ಕ ಕೇಳುವವರಿಗೆ ಇದನ್ನು ಹೇಳಿ.

ಮೈಸೂರಿನ ಅಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ತಿಪಟೂರಿನ ಮಗಳೇ, ನಿನ್ನ ಮಾತನ್ನು ಬ್ಯಾಂಕಿನಲ್ಲಿ ಕೂತು ಓದಿ ಕೌಂಟರ್ ಬಿಟ್ಟು ಎದ್ದು ಹೋಗಬೇಕಾಯಿತು.

ಭಾನುವಾರ ಬನ್ನೂರಿಗೆ ಹೋಗುವಾಗ ಹೇಳಿದೆ. ಓಡಿಸಕ್ಕೆ ಕೊಡಲ್ಲ, 25ರ ತನಕ ನಿನ್ನ ಲೈಸೆನ್ಸ್ ಹೋಗೋ ಅಪಾಯ ನಾನು ತಗೊಳ್ಳಲ್ಲ ಅಂತ, ಕಲಂ ಸಮೇತ. ಸುಮ್ಮನಾದ. ನನ್ನ ಕೈ ಬೆವರಿತು. ಒಂದಷ್ಟು ದೂರ ಎಡಗಡೆ ಲೆಕ್ಕವನ್ನೂ ಹೇಳಲಿಲ್ಲ. ಬನ್ನೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ, "ಹಂಗಾದ್ರೆ 18ಕ್ಕೆ ಅದೇ ದಿನ ಹಾಕಿಸ್ತೀಯಾ?" ಅಂದ. ಹಾಕಿಸ್ತೀನಿ ಅಂದೆ. ಫೋನಿನಲ್ಲಿ ತಾರೀಕು ಬರೆದಿಟ್ಟುಕೊಂಡ.

ಸೋಮನಾಥಪುರದಲ್ಲಿ ಗುಡಿ ಮುಂದೆ ಗಾಡಿ ನಿಲ್ಲಿಸಿ, ಇನ್ನು ಮೇಲೆ ಇದರ ಗಾಳಿ, ಆಯಿಲ್, ಸ್ಟೆಪ್ನಿ ಎಲ್ಲ ನಿನ್ನ ಜವಾಬ್ದಾರಿ ಅಂತ ಒಂದು ನೋಟ್‌ಬುಕ್ ಕೊಟ್ಟೆ. ತಕ್ಷಣ ಡಿಕ್ಕಿ ತೆಗೆದ. ಹಾಸ್ಟೆಲ್ ವಿಷಯ ನಾನು ಕೇಳಲಿಲ್ಲ. ವಾಪಸ್ ಬರುವಾಗ, ಅಲ್ಲಿ ರೂಮಿನಲ್ಲಿ ತನ್ನ ಹಾಸಿಗೆ ಮೇಲಿನ ಮಂಚದ ಮೇಲಿತ್ತು, ಫ್ಯಾನ್ ತೀರಾ ಹತ್ತಿರ ಇತ್ತು, ರಾತ್ರಿ ಎಲ್ಲ ಅದನ್ನೇ ನೋಡ್ತಿದ್ದೆ ಅಂತ ಅಷ್ಟು ಮಾತ್ರ ಹೇಳಿದ. ನಾನು ನನ್ನ ಮೊದಲ ಕೆಲಸದ ಊರಿನ ಬಾಡಿಗೆ ರೂಮಿನ ವಿಷಯ ಹೇಳಿದೆ, ಅಲ್ಲಿ ಒಬ್ಬಳೇ ಅಳುತ್ತಿದ್ದದ್ದು. ಅವನು ಕೇಳಿಸಿಕೊಂಡ. ಫ್ಯಾನಿನ ಮಾತನ್ನು ಸೋಮವಾರ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದ್ದೇನೆ, ಗುರುವಾರ ಬರಹೇಳಿದ್ದಾರೆ. ತಿಳಿಸಿದ್ದನ್ನು ಮಗನಿಗೂ ಹೇಳಿದೆ. ಸರಿ ಅಂದ.

ಯಜಮಾನ್ರು ಈ ಶನಿವಾರ ಬರುತ್ತಾರೆ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೋಗೋಣ ಅಂತ ಮಗನೇ ಹೇಳಿದ್ದಾನೆ.

ಧಾರವಾಡದ ಮಾಸ್ತರರೇ, ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲ ಅಂತ ಅವನೇ ಕಂಡುಹಿಡಿದ. ಟೈರ್ ಬದಿಯಲ್ಲಿ ಸಣ್ಣ ಸೀಳು ಕೂಡ ಇದೆ ಅಂತ ನೋಟ್‌ಬುಕ್‌ನಲ್ಲಿ ಮೊದಲ ಸಾಲು ಬರೆದಿದ್ದಾನೆ. ಪಂಚರ್ ಹಾಕಿಸಿದರೆ ಸಾಕಾ, ಟೈರೇ ಬದಲಾಯಿಸಬೇಕಾ ಅಂತ ನಿಮ್ಮನ್ನು ಕೇಳಕ್ಕೆ ಹೇಳಿದ್ದಾನೆ.

ಗಾಡಿ ಮಾಸ್ತರ, ಧಾರವಾಡ:

ಬದಿಯೊಳಗ ಸೀಳಿದ್ರ ಪಂಚರ್ ನಿಲ್ಲೂದಿಲ್ರಿ, ಟೈರ್ ಬದಲಿ ಮಾಡಸ್ರಿ. ಅಂಗಡಿಗೆ ಹೋಗೂವಾಗ ಹುಡುಗನ್ನ ಕರಕೊಂಡು ಹೋಗ್ರಿ. ಟೈರ್ ತಯಾರಾದ ವಾರ, ವರ್ಷ ನಾಲ್ಕು ಅಂಕಿಯೊಳಗ ಬದೀಗೆ ಒತ್ತಿರತಾರ. ಅದನ್ನ ಅವನ ಓದಿ ಆರಸಲಿ.