ಸಹಾಯ ಬೇಕು: ಸರ್ಕಾರಿ ಮನೆಗಳ ಪೈಪ್ ರಿಪೇರಿಗೆ ಯಾವ ದಾಖಲೆ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಲ್ಲಿ, ಸರ್ಕಾರ ಬಡವರಿಗೆ ಅಂತ ಕಟ್ಟಿಸಿಕೊಟ್ಟ ಮನೆಗಳಲ್ಲಿ ಇದ್ದೇವೆ. ಒಂದು ಬ್ಲಾಕಿಗೆ ಮೂರು ಅಂತಸ್ತು, 12 ಮನೆ. ಎಲ್ಲ ಮನೆಗಳ ಶೌಚಾಲಯದ ನೀರು ಇಳಿಯುವ ದೊಡ್ಡ ಪೈಪ್ ಒಡೆದು ಆರು ತಿಂಗಳಾಯಿತು. ಆ ನೀರು ಗೋಡೆಗೆ ಇಳಿದು ಕೆಳಗಿನ ಮನೆಯ ಅಡುಗೆಮನೆಯೆಲ್ಲ ಹಸಿ, ಗಾರೆ ಉದುರುತ್ತಿದೆ, ಅಲ್ಲಿರುವ ಅಜ್ಜಿ ಅದರ ಪಕ್ಕದಲ್ಲೇ ಒಲೆ ಹಚ್ಚಿ ಉಣ್ಣಬೇಕು, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆಗೆ ಇನ್ನೂರು ಹಾಕಿ ಸಿಮೆಂಟ್ ಮೆತ್ತಿಸಿದೆವು. ಹದಿನೈದು ದಿನಕ್ಕೆ ಮತ್ತೆ ಸೋರಿತು. ಪೂರ್ತಿ ಬದಲಿಸಲು ಪ್ಲಂಬರ್ 40 ಸಾವಿರ ಹೇಳಿದರು. ಗಾರೆ ಕೆಲಸ, ಮನೆಗೆಲಸ ಮಾಡುವವರು ಅಷ್ಟು ಎಲ್ಲಿಂದ ತರುವುದು? ಅರ್ಜಿ ಕೊಟ್ಟರೆ ಒಂದು ಕಚೇರಿಯವರು "ಹಸ್ತಾಂತರ ಆಗಿದೆ, ನಮ್ಮದಲ್ಲ" ಅನ್ನುತ್ತಾರೆ. ಇನ್ನೊಂದು ಕಚೇರಿಯವರು "ನಮ್ಮ ಕೈಗೆ ಬಂದೇ ಇಲ್ಲ" ಅನ್ನುತ್ತಾರೆ.

ಅದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು ಅಂದುಕೊಂಡಿದ್ದೇವೆ. 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು, ತಪ್ಪು ಕಚೇರಿಗೆ ಹಾಕಿದರೂ 5 ದಿನದೊಳಗೆ ಅವರೇ ಸರಿಯಾದ ಕಡೆಗೆ ಕಳಿಸಬೇಕು, ಇಷ್ಟು ಗೊತ್ತು. ನಾನು ಸಿಕ್ಕಿಕೊಂಡಿರುವುದು ಬೇರೆ ಕಡೆ. ಸುಮ್ನೆ "ಯಾಕೆ ರಿಪೇರಿ ಮಾಡಿಲ್ಲ" ಅಂತ ಕೇಳಿದರೆ ಪ್ರಯೋಜನ ಇಲ್ಲ, ಅವರ ಹತ್ತಿರ ಇರುವ ದಾಖಲೆಯನ್ನೇ ಕೇಳಬೇಕು ಅಲ್ವಾ? ಹಾಗಾದರೆ ಯಾವುದು ಕೇಳಲಿ? ಹಸ್ತಾಂತರದ ಆದೇಶದ ಪ್ರತಿ ಸಾಕಾ, ಅಥವಾ ನಿರ್ವಹಣೆಗೆ ಇಟ್ಟ ಹಣದ ಲೆಕ್ಕವನ್ನೂ ಕೇಳಬೇಕಾ? ಇಂಥ ಮನೆಗಳಲ್ಲಿದ್ದು ರಿಪೇರಿ ಮಾಡಿಸಿಕೊಂಡವರು ಇದ್ದರೆ, ನಿಮ್ಮ ಅರ್ಜಿಯಲ್ಲಿ ಏನು ಬರೆದಿರಿ ಅಂತ ದಯವಿಟ್ಟು ತಿಳಿಸಿ.